ಫ್ರೆಂಚ್ ಕಲಿಕೆಯ ಮಧ್ಯಮ ಹಂತ ಬಿ1 ಮುಗಿಸಿದ್ದೇನೆ. ಫ್ಲೊಬೇರ್ ಬರೆದ ಕಾದಂಬರಿ 'ಮದಾಮ್ ಬೊವಾರಿ'ಯನ್ನು ಮೂಲದಲ್ಲೇ ಓದಬಹುದಾ, ಮುಂದಿನ ಹಂತ ಬಿ2 ತನಕ ಕಾಯಬೇಕಾ? ಮೊದಲೇ ಅನುವಾದ ಓದಿಬಿಟ್ಟರೆ ಮಜಾ ಹೋಗುತ್ತದಾ?

ನಾನೂ ಬಿ1 ಮುಗಿದ ಹುರುಪಿನಲ್ಲಿ ಇದೇ ಪುಸ್ತಕ ಹಿಡಿದವಳು. ಆಫೀಸು ಮುಗಿಸಿಕೊಂಡು ವಸಂತನಗರದ ಅಲಿಯಾನ್ಸ್ ಫ್ರಾನ್ಸೇಸ್‌ಗೆ ಸಂಜೆ ಕ್ಲಾಸಿಗೆ ಓಡುತ್ತಿದ್ದೆ. ಪರೀಕ್ಷೆ ಪಾಸಾದ ಕೂಡಲೇ ಫ್ಲೊಬೇರ್. ಶುರುವಿನಲ್ಲಿ ಚೆನ್ನಾಗಿಯೇ ಹೋಯಿತು. ಹುಡುಗರು ಓದುತ್ತಾ ಕೂತಿದ್ದಾರೆ, ಹೆಡ್‌ಮಾಸ್ಟರು ಒಳಗೆ ಬರುತ್ತಾರೆ, ಹಿಂದೆ ಒಬ್ಬ ಹೊಸ ಹುಡುಗ, ಅವನ ಜೊತೆಗೆ ದೊಡ್ಡ ಡೆಸ್ಕು ಹೊತ್ತ ಆಳು. ಆ ಹೊಸಬನೇ ಶಾರ್ಲ್ ಬೊವಾರಿ. ಆಮೇಲೆ ಅವನ ಟೋಪಿ ಬಂತು.

ಆ ಟೋಪಿಗೇ ಒಂದು ಇಡೀ ಪ್ಯಾರಾ ಇದೆ. ತುಪ್ಪಳದ ಟೋಪಿ, ಪೋಲಿಷ್ ಸೈನಿಕರ ಟೋಪಿ, ದುಂಡು ಟೋಪಿ, ನೀರುನಾಯಿ ಚರ್ಮದ್ದು, ಹತ್ತಿಯದ್ದು, ಎಲ್ಲವೂ ಸೇರಿದ ಒಂದು ವಿಚಿತ್ರ ವಸ್ತು. ಮೇಲೆ ಮಖಮಲ್ಲು, ಮೊಲದ ತುಪ್ಪಳ, ನಡುವೆ ಕೆಂಪು ಪಟ್ಟಿ, ಇಳಿಬಿದ್ದ ಉದ್ದ ದಾರ, ದಾರದ ತುದಿಗೆ ಜರಿಯ ಕುಚ್ಚು. ನಾನು ನಿಘಂಟು ತೆಗೆದೆ. ಒಂದೊಂದೇ ಪದ ಹುಡುಕಿ, ನೋಟ್‌ಬುಕ್ಕಿನಲ್ಲಿ ಅರ್ಥ ಬರೆದುಕೊಂಡು, ಮತ್ತೆ ಸಾಲಿಗೆ ವಾಪಸ್ ಬರುವಷ್ಟರಲ್ಲಿ ಸಾಲಿನ ಮೊದಲ ಅರ್ಧ ಮರೆತುಹೋಗಿರುತ್ತಿತ್ತು. ಮತ್ತೆ ಮೊದಲಿಂದ ಓದುವುದು, ಮತ್ತೊಂದು ಪದ, ಮತ್ತೆ ನಿಘಂಟು. ನನ್ನ ತಪ್ಪು ಇದೇ, ಮತ್ತು ಇದನ್ನು ಸ್ವಲ್ಪ ಬಿಡಿಸಿ ಹೇಳಬೇಕು, ಯಾಕಂದ್ರೆ ನೀವೂ ಖಂಡಿತ ಇದನ್ನೇ ಮಾಡುತ್ತೀರಿ. ನಿಘಂಟು ನೋಡುವುದು ತಪ್ಪಲ್ಲ. ವಾಕ್ಯ ಮುಗಿಯುವ ಮೊದಲೇ ನೋಡುವುದು ತಪ್ಪು. ಫ್ಲೊಬೇರ್‌ನ ವಾಕ್ಯಕ್ಕೆ ಒಂದು ಓಟ ಇರುತ್ತದೆ, ಅದನ್ನು ಪದಪದಕ್ಕೂ ನಿಲ್ಲಿಸಿದರೆ ಕೈಯಲ್ಲಿ ಉಳಿಯುವುದು ಪದಗಳ ಪಟ್ಟಿ ಅಷ್ಟೇ. ನನ್ನ ನೋಟ್‌ಬುಕ್ ತುಂಬಿತು. ಕಥೆ ಮಾತ್ರ ಒಂದು ಹೆಜ್ಜೆ ಮುಂದೆ ಹೋಗಲಿಲ್ಲ.

ಆ ಟೋಪಿ ಕಣ್ಣಿಗೆ ಕಟ್ಟಬೇಕು ಅಂತ ಬರೆದದ್ದೇ ಅಲ್ಲ ಅಂತ ಈಗ ನನಗೆ ಅನಿಸುತ್ತದೆ. ಎಲ್ಲ ಸೇರಿ ಏನೂ ಆಗದ ವಸ್ತು ಅದು. ಅಷ್ಟು ಉದ್ದದ ವರ್ಣನೆ ಆದಮೇಲೆ ಎರಡು ಪುಟ್ಟ ಮಾತು ಬರುತ್ತವೆ: ಅದು ಹೊಸದಾಗಿತ್ತು, ಅದರ ಅಂಚು ಹೊಳೆಯುತ್ತಿತ್ತು. ಹಳ್ಳಿಯಿಂದ ಬಂದ ಹುಡುಗನಿಗೆ ಮನೆಯವರು ಆಸೆಯಿಂದ ಕೊಡಿಸಿದ ಹೊಸ ಟೋಪಿ, ಇಡೀ ಕ್ಲಾಸು ಅದನ್ನು ನೋಡಿ ನಗಲು ಕಾಯುತ್ತಿದೆ. ಓದುಗನ ಕರುಳು ಚುರುಕ್ ಅನ್ನಬೇಕಾದ ಜಾಗ ಅದು, ಮತ್ತು ಅಲ್ಲಿರುವ ಪದಗಳು ಬಿ1 ಏನು, ಎ2 ಓದಿದವರಿಗೂ ಅರ್ಥವಾಗುವಂಥವು. ನಾನು ನೀರುನಾಯಿಗೆ ಅರ್ಥ ಹುಡುಕುತ್ತಾ ಅದನ್ನು ದಾಟಿಬಿಟ್ಟಿದ್ದೆ. ಪುಸ್ತಕ ಕಪಾಟು ಸೇರಿತು, ಕೆಲವು ವರ್ಷ ಹೊರಗೆ ಬರಲಿಲ್ಲ.

ಮತ್ತೆ ಫ್ರೆಂಚ್ ಓದುವ ಹಾಗೆ ಮಾಡಿದ್ದು ದ್ಯೂಮಾನ 'ಮಾಂಟೆ ಕ್ರಿಸ್ಟೊ'. 117 ಅಧ್ಯಾಯ, ಗಾತ್ರ ನೋಡಿ ಹೆದರಬೇಡಿ. 1844ರಿಂದ ಪತ್ರಿಕೆಯಲ್ಲಿ ಧಾರಾವಾಹಿಯಾಗಿ ಬಂದ ಕಥೆ ಅದು, ಸಂಭಾಷಣೆ ಜಾಸ್ತಿ, ಒಂದು ಪದ ಬಿಟ್ಟುಹೋದರೆ ಮುಂದಿನ ಪುಟದಲ್ಲಿ ಅದೇ ವಾಪಸ್ ಬರುತ್ತದೆ. ಮುಖ್ಯವಾಗಿ ಪಾಸೆ ಸಾಂಪ್ಲ್ ಕೂತುಕೊಳ್ಳುತ್ತದೆ. ಇದು ಮಾತಿನಲ್ಲಿ ಬಳಸದ, ಕಾದಂಬರಿಗಳಲ್ಲಿ ಕಾಣುವ ಭೂತಕಾಲ, ನಮ್ಮ ಕ್ಲಾಸಿನಲ್ಲಿ ಸುಮ್ನೆ ಮುಟ್ಟಿ ಬಿಟ್ಟಿದ್ದರು. ದ್ಯೂಮಾನ ಹತ್ತಿಪ್ಪತ್ತು ಅಧ್ಯಾಯ ಓದಿದರೆ ಅದರ ರೂಪಗಳು ಬಾಯಿಪಾಠ ಮಾಡದೆ ತಲೆಗೆ ಹತ್ತುತ್ತವೆ. 'ಮೊದಲು ಕಮೂ ಓದಿ, ಸುಲಭ' ಅಂತ ಎಲ್ಲರೂ ಹೇಳುತ್ತಾರೆ. ಅವನ 1942ರ ಕಾದಂಬರಿ 'ಲೆತ್ರಾಂಜೇ' ಸುಲಭವೇ, ಆದರೆ ಅದು ಬಹುಪಾಲು ಮಾತಿನ ಭೂತಕಾಲದಲ್ಲೇ ಇದೆ. ಹತ್ತೊಂಬತ್ತನೇ ಶತಮಾನಕ್ಕೆ ಅದು ತಯಾರಿ ಅಲ್ಲ.

ಹಾಗಾಗಿ ಬಿ1 ಸಾಕಾ, ಬಿ2 ಬೇಕಾ ಅನ್ನುವ ಪ್ರಶ್ನೆಯನ್ನೇ ನಾನು ಒಪ್ಪುವುದಿಲ್ಲ. ಬಿ2 ಅಂದರೆ ಲೇಖನ ಓದಿ ಅಭಿಪ್ರಾಯ ಮಂಡಿಸುವುದು, ವಾದ ಮಾಡುವುದು. ಕೆಲಸಕ್ಕೋ ಕಾಲೇಜಿಗೋ ಬೇಕಾದರೆ ಆ ಪರೀಕ್ಷೆ ಬರೆಯಿರಿ, ಬೊವಾರಿಗೋಸ್ಕರ ಬೇಡ.

ಅನುವಾದ? ಧಾರಾಳವಾಗಿ ಮೊದಲೇ ಓದಿ. ಶಾರ್ಲ್ ಬೊವಾರಿಯ ಹೆಂಡತಿ, ಕಥೆಯ ನಾಯಕಿ ಎಮ್ಮಾ ಕೊನೆಗೆ ಏನಾಗುತ್ತಾಳೆ ಅಂತ ತಿಳಿದರೆ ಈ ಪುಸ್ತಕದಲ್ಲಿ ಹಾಳಾಗುವುದು ಏನೂ ಇಲ್ಲ. ಫ್ಲೊಬೇರ್ ಐದು ವರ್ಷದಷ್ಟು ಕಾಲ ಕೂತು ಬರೆದದ್ದು, ರುವಾಂ ಹತ್ತಿರದ ಕ್ರುವಾಸೆಯ ಮನೆಯಲ್ಲಿ ವಾಕ್ಯಗಳನ್ನು ಕೂಗಿ ಕೂಗಿ ಓದಿ ತಿದ್ದಿದ್ದು, ಕಥೆಯ ಗುಟ್ಟು ಕಾಯುವುದಕ್ಕಲ್ಲ. ನೀವೂ ಗಟ್ಟಿಯಾಗಿ ಓದಿ. ಇಲ್ಲಿ ಕನ್ನಡದವರಿಗೆ ಒಂದು ಅನುಕೂಲ ಇದೆ. ಎಮ್ಮಾಳ ಬೇಸರವನ್ನೆಲ್ಲ ಫ್ಲೊಬೇರ್ ಆಂಪಾರ್ಫೆಯಲ್ಲಿ, ಅಂದರೆ ನಡೆಯುತ್ತಲೇ ಇದ್ದದ್ದನ್ನು ಹೇಳುವ ಭೂತಕಾಲದಲ್ಲಿ, ಬರೆಯುತ್ತಾನೆ: ಕಿಟಕಿ ಹತ್ತಿರ ಕೂರುತ್ತಿದ್ದಳು, ಕಾಯುತ್ತಿದ್ದಳು, ದಿನಗಳು ಹಾಗೇ ಹೋಗುತ್ತಿದ್ದವು. ಆಮೇಲೆ ತಟ್ಟನೆ ಪಾಸೆ ಸಾಂಪ್ಲ್: ಎದ್ದಳು, ಹೋದಳು. 'ಕಾಯುತ್ತಿದ್ದಳು', 'ಹೋದಳು' ನಡುವಿನ ವ್ಯತ್ಯಾಸ ನಮಗೆ ಹುಟ್ಟಿನಿಂದಲೇ ಗೊತ್ತು ಅಲ್ವಾ? ಇಂಗ್ಲಿಷಿನ ಮೂಲಕ ಓದಿದರೆ ಇದು ಎಷ್ಟೋ ಕಡೆ ಮಸುಕಾಗುತ್ತದೆ. ಮನಸ್ಸಿನಲ್ಲಿ ಇಂಗ್ಲಿಷಿಗೆ ತಿರುಗಿಸುವುದನ್ನು ಬಿಟ್ಟು ನೇರವಾಗಿ ಕನ್ನಡದಲ್ಲಿ ಕೇಳಿಸಿಕೊಳ್ಳಿ.

ಧೈರ್ಯ ಸಾಲದಿದ್ದರೆ ಎರಡನೇ ಭಾಗದ ಎಂಟನೇ ಅಧ್ಯಾಯದಿಂದ ಶುರುಮಾಡಿ, ಕೃಷಿ ಮೇಳದ ದೃಶ್ಯ. ಮೇಲೆ ಊರಿನ ಕಚೇರಿಯ ಕೋಣೆಯಲ್ಲಿ ರೊಡೊಲ್ಫ್ ಎಮ್ಮಾಗೆ ಪ್ರೇಮದ ಮಾತು ಹೇಳುತ್ತಿದ್ದಾನೆ, ಕೆಳಗೆ ಮೈದಾನದಲ್ಲಿ ರೈತರಿಗೆ ಬಹುಮಾನ ಹಂಚುತ್ತಿದ್ದಾರೆ. ನೂರು ಸಲ ನಿಮ್ಮನ್ನು ಬಿಟ್ಟು ಹೋಗಬೇಕೆಂದುಕೊಂಡೆ, ಆದರೂ ಉಳಿದೆ ಅಂತ ಅವನು ಹೇಳುವುದಕ್ಕೂ ಕೆಳಗಿನಿಂದ 'ಗೊಬ್ಬರ!' ಅಂತ ಕೂಗುವುದಕ್ಕೂ ಸರಿಯಾಗುತ್ತದೆ. ಇದಕ್ಕೆ ನಿಘಂಟು ಬೇಕೇ ಇಲ್ಲ. ಅಧ್ಯಾಯ ಮುಗಿಯುವವರೆಗೆ ಪೆನ್ಸಿಲ್ ಗುರುತು ಮಾತ್ರ ಹಾಕಿ, ಮುಗಿದಮೇಲೆ ನಿಜವಾಗಿ ಕಾಡಿದ ಪದಗಳನ್ನಷ್ಟೇ ನೋಡಿ.

ಕೊಳ್ಳುವುದಾದರೆ ಟಿಪ್ಪಣಿ ಇರುವ, ಫೋಲಿಯೊ ಅನ್ನುವ ಫ್ರೆಂಚ್ ಪುಸ್ತಕ ಮಾಲೆಯ ಆವೃತ್ತಿ ತಗೊಳ್ಳಿ. ಬರೀ ಪಠ್ಯ ಸಾಕು ಅಂದರೆ ಹಳೆಯ ಪುಸ್ತಕಗಳ ಜಾಲತಾಣ ಪ್ರಾಜೆಕ್ಟ್ ಗುಟೆನ್‌ಬರ್ಗ್‌ನಲ್ಲಿ ಬೊವಾರಿಯೂ ಇದೆ, ಮಾಂಟೆ ಕ್ರಿಸ್ಟೊ ಕೂಡ ಇದೆ, ಎರಡೂ ಪುಕ್ಕಟೆ.