ಎಮರ್ಜೆನ್ಸಿ ಎಂಡಿ ತಗೊಳ್ಳೋದೋ ಬ್ಯಾಡೋ ಅಂದವ್ರಿಗೆ

ಎಮರ್ಜೆನ್ಸಿ ಮೆಡಿಸಿನ್‌ನಾಗ ಎಂಡಿ ಮಾಡಿದ್ರ ಹೆಣ್ಮಕ್ಳು ಎಚ್‌ಒಡಿ, ಅಂದ್ರ ವಿಭಾಗದ ಹೆಡ್, ಆಗ್ತಾರೇನು ಅಂತ ಕೇಳೀರಲ್ಲ ಅಕ್ಕಾರ, ನಾ ರಾಯಚೂರು ಕಡೆ ಕ್ಯಾಜುವಾಲ್ಟಿಯೊಳಗ ಇರಾಕಿ, ಹೇಳ್ತೀನಿ. ಈ ಬ್ರ್ಯಾಂಚ್‌ಗೆ ಎಂಸಿಐ (ಆಗಿನ ಮೆಡಿಕಲ್ ಕೌನ್ಸಿಲ್) ಮಾನ್ಯತೆ ಸಿಕ್ಕಿದ್ದೇ 2009ರಾಗ, ಹಿಂಗಾಗಿ ಸೀನಿಯರ್ ಸಾಲು ಉದ್ದ ಇಲ್ಲ, ಎಷ್ಟೋ ಕಡೆ ಸರ್ಜರಿ, ಅನಸ್ತೇಶಿಯಾದವ್ರೇ ಹೆಡ್ ಆಗಿ ಕುಂತಾರ, ಅಂದ್ರ ಜಾಗ ಇನ್ನೂ ಐತಿ. ಪಿಜಿಗಳು ತಲಿದಿಂಬು ಮಾಡ್ಕೊಳ್ಳೋ ಆ ದಪ್ಪ ಎಮರ್ಜೆನ್ಸಿ ಪುಸ್ತಕದ ಮ್ಯಾಲಿನ ಹೆಸರು ಟಿಂಟಿನಾಲಿ ಐತೆಲ್ಲ, ಹೆಣ್ಮಗಳೇ ಆಕಿ, ಅಮೆರಿಕದ ನಾರ್ತ್ ಕೆರೊಲಿನಾ ಯೂನಿವರ್ಸಿಟಿಯೊಳಗ ಹೆಡ್ ಆಗಿದ್ದಾಕಿ. ಆದ್ರ ಸುಳ್ಳು ಯಾಕ ಹೇಳ್ಲಿ, ರಾತ್ರಿ ಎರಡಕ್ಕ ಹಾವು ಕಡದವ್ರನ್ನ ಟಂಟಂನಾಗ ಹಾಕ್ಕೊಂಡು ಬಂದವ್ರು, ಎಎಸ್‌ವಿ (ಹಾವಿನ ವಿಷಕ್ಕ ಕೊಡೋ ಔಷಧಿ) ಹಚ್ಚಾಕತ್ತಿದ್ದ ನನಗೇ 'ಸಿಸ್ಟರ್, ಡಾಕ್ಟ್ರನ್ನ ಕರೀರಿ' ಅಂತಾರ. ಕಾಲೇಜು ಆರಿಸೋ ಮುಂಚೆ ಅಲ್ಲಿ ಲೇಡಿ ಡಾಕ್ಟರ್ಸ್ ಡ್ಯೂಟಿ ರೂಮಿಗೆ ಚಿಲಕ ಐತೇನು ಅಂತ ಯಾರನ್ನರ ಕೇಳ್ರಿ, ತಮಾಷೆ ಅಲ್ಲ. ಮುಂದ ಸರ್ಕಾರಿ ಕಾಲೇಜಿನ ಪೋಸ್ಟಿಗೆ ಹಾಕೋದಿದ್ರ ನಮ್ಮ ಕಲ್ಯಾಣ ಕರ್ನಾಟಕದವ್ರಾದ್ರ 371ಜೆ ಮೀಸಲಾತಿ ಸರ್ಟಿಫಿಕೇಟ್ ಈಗ್ಲೇ ಮಾಡಿಸಿಡ್ರಿ.