ಇ-ಗೇಟಾ, ಕೌಂಟರಾ? ಓದುಗರು ಕೇಳಿದ್ದು, ನಾವು ಹೇಳೋದು

ಪ್ರಶ್ನೆ: ಹೋದ ತಿಂಗಳು ವಿಮಾನ ಇಳಿದು ಇಮಿಗ್ರೇಷನ್ ಹಾಲ್‌ಗೆ ಬಂದಾಗ ಒಂದು ಕಡೆ ಇ-ಗೇಟ್, ಅಂದ್ರೆ ಪಾಸ್‌ಪೋರ್ಟ್ ಓದಿ, ಮುಖ ನೋಡಿ ತಾನೇ ತೆರೆಯೋ ಬಾಗಿಲು, ಇನ್ನೊಂದು ಕಡೆ ಆಫೀಸರ್ ಕೂತಿರೋ ಕೌಂಟರ್. ನನ್ನ ಪಾಸ್‌ಪೋರ್ಟ್‌ಗೆ ಎರಡೂ ನಡೀತಿತ್ತು. ಬೇಗ ಆಗತ್ತೆ ಅಂತ ಗೇಟ್‌ಗೆ ಹೋದೆ, ಎರಡು ಸಲ ಕೆಂಪು ದೀಪ ಬಂತು, ಆಮೇಲೆ ಕೌಂಟರ್ ಸಾಲಿನ ಕೊನೆಗೆ ಹೋಗಿ ನಿಲ್ಲಬೇಕಾಯ್ತು. ನಾನೇನು ತಪ್ಪು ಮಾಡಿದೆ? ಮುಂದಿನ ಸಲ ಯಾವ ಕಡೆ ಹೋಗ್ಲಿ?

ಉತ್ತರ: ತಪ್ಪು ನಿಮ್ಮದಲ್ಲ, ಮೊದಲು ಆ ಅಳುಕು ಬಿಡಿ. ಕೆಂಪು ದೀಪ ಬಂತು ಅಂದ್ರೆ ನಿಮ್ಮ ಮೇಲೆ ಅನುಮಾನ ಬಂದಿದೆ ಅಂತಲ್ಲ, ಹೆಚ್ಚಿನ ಸಲ ಮೆಷಿನ್‌ಗೆ ಓದೋಕೆ ಆಗ್ಲಿಲ್ಲ, ಇಲ್ಲಾ ಮುಖ ಹೊಂದಿಸೋಕೆ ಆಗ್ಲಿಲ್ಲ ಅಷ್ಟೇ. ನನಗೂ ಹೀಗೇ ಆಗಿತ್ತು, ಹಿಂದೆ ಉದ್ದ ಸಾಲು, ಎಲ್ರೂ ನನ್ನನ್ನೇ ನೋಡ್ತಿದಾರೆ ಅನ್ನಿಸಿ ಕೈ ನಡುಗೋಕೆ ಶುರುವಾಯ್ತು, ಕೊನೆಗೆ ಅಲ್ಲೇ ನಿಂತಿದ್ದ ಹುಡುಗಿಯೊಬ್ಬಳು ಬಂದು ನನ್ನ ಪಾಸ್‌ಪೋರ್ಟ್‌ನ ಪ್ಲಾಸ್ಟಿಕ್ ಕವರ್ ತೆಗೆದು, ಒಳಗೆ ಸಿಕ್ಕಿಸಿದ್ದ ಬೋರ್ಡಿಂಗ್ ಪಾಸನ್ನೂ ತೆಗೆದು, ಫೋಟೋ ಇರೋ ಪುಟನ ಗಾಜಿನ ಮೇಲೆ ಅಂಗೈಯಲ್ಲಿ ಒತ್ತಿ ಹಿಡಿದಳು, ತಕ್ಷಣ ಹಸಿರು ಬಂತು. ಕವರ್ ಒಂದೇ ಕಾರಣ!

ಒಳಗೆ ಏನಾಗತ್ತೆ ಅಂತ ಗೊತ್ತಿದ್ರೆ ಭಯ ಅರ್ಧ ಇಳಿಯತ್ತೆ. ಪಾಸ್‌ಪೋರ್ಟ್ ರಟ್ಟಿನ ಮೇಲೆ ಒಂದು ಚಿಕ್ಕ ಆಯತ, ಅದರ ಮಧ್ಯೆ ಒಂದು ಸೊನ್ನೆ ಇರೋ ಗುರುತು ಇದ್ರೆ ಒಳಗೆ ಚಿಪ್ ಇದೆ ಅಂತ ಅರ್ಥ. ಫೋಟೋ ಪುಟದ ಕೆಳಗಡೆ ಬಾಣದ ತಲೆ ಥರ ಗುರುತು ತುಂಬಿರೋ ಎರಡು ಸಾಲು ಇರ್ತವಲ್ಲ, ಒಂದೊಂದರಲ್ಲಿ 44 ಅಕ್ಷರ, ಮೆಷಿನ್ ಮೊದಲು ಅದನ್ನ ಓದತ್ತೆ. ಅದರಲ್ಲಿರೋ ಪಾಸ್‌ಪೋರ್ಟ್ ನಂಬರ್, ಹುಟ್ಟಿದ ದಿನ, ಅವಧಿ ಮುಗಿಯೋ ದಿನ, ಈ ಮೂರೂ ಸೇರಿ ಚಿಪ್‌ನ ಬೀಗದ ಕೀಲಿ ಆಗತ್ತೆ. ಆ ಸಾಲು ಉಜ್ಜಿ ಹೋಗಿದ್ರೆ, ಪುಟ ಒದ್ದೆಯಾಗಿ ಸುಕ್ಕುಗಟ್ಟಿದ್ರೆ ಚಿಪ್ ಚೆನ್ನಾಗಿದ್ರೂ ತೆರೆಯಲ್ಲ. ತೆರೆದ ಮೇಲೆ ಒಳಗಿನ ಮಾಹಿತಿ ಮೇಲೆ ಪಾಸ್‌ಪೋರ್ಟ್ ಕೊಟ್ಟ ದೇಶದ ಡಿಜಿಟಲ್ ಸಹಿ ಸರಿಯಿದ್ಯಾ ಅಂತ ನೋಡತ್ತೆ, ಆಮೇಲೆ ಒಳಗಿನ ಫೋಟೋ ಜೊತೆ ಕ್ಯಾಮೆರಾ ಮುಂದೆ ನಿಂತ ನಿಮ್ಮ ಮುಖನ ಹೋಲಿಸತ್ತೆ. ಕನ್ನಡಕ, ಟೋಪಿ ತೆಗೀರಿ, ಹಣೆ ಮೇಲಿನ ಕೂದಲು ಹಿಂದೆ ಸರಿಸಿ, ನೆಲದ ಮೇಲೆ ಬರೆದಿರೋ ಹೆಜ್ಜೆ ಗುರುತಿನ ಮೇಲೇ ನಿಲ್ಲಿ, ನಗಬೇಡಿ, ಫೋನ್ ನೋಡ್ಬೇಡಿ. ಹತ್ತು ವರ್ಷದ ಪಾಸ್‌ಪೋರ್ಟ್ ಆದ್ರೆ ಫೋಟೋದಲ್ಲಿರೋರು ಒಂಬತ್ತು ವರ್ಷ ಚಿಕ್ಕವರೂ ಆಗಿರಬಹುದು, ಗಡ್ಡ ಬಂದಿರತ್ತೆ, ತೂಕ ಇಳಿದಿರತ್ತೆ, ಕಾಯಿಲೆಯಿಂದ ಎದ್ದು ಬಂದಿರ್ತೀವಿ, ಮೆಷಿನ್ ಆಗ ತಡವರಿಸೋದು ಸಹಜ.

ಹಾಗಾದ್ರೆ ಯಾವ ಕಡೆ? ನಾನು ಪಾಲಿಸೋದು ಒಂದೇ: ಆಫೀಸರ್‌ಗೆ ಹೇಳೋದು, ತೋರ್ಸೋದು, ಕೇಳೋದು ಏನಾದ್ರೂ ಇದ್ಯಾ? ಇದ್ರೆ ಸಾಲು ಎಷ್ಟೇ ಉದ್ದ ಇರಲಿ ಕೌಂಟರ್. ಇಲ್ಲ, ಪಾಸ್‌ಪೋರ್ಟೂ ಚೆನ್ನಾಗಿದೆ, ಮುಖವೂ ಫೋಟೋದ ಹಾಗೇ ಇದೆ ಅಂದ್ರೆ ಗೇಟ್. ಇನ್ನೊಂದು, ಸಾಲಿಗೆ ಸೇರೋ ಮುಂಚೆ ಒಂದು ನಿಮಿಷ ನಿಂತು ನೋಡಿ, ಎಷ್ಟು ಗೇಟ್‌ಗೆ ಹಸಿರು ದೀಪ ಇದೆ, ಎಷ್ಟು ಜನ ವಾಪಸ್ ಬರ್ತಿದಾರೆ. ಗೇಟಲ್ಲಿ ಆಗದವರಿಗೆ ಪಕ್ಕದಲ್ಲೇ ಬೇರೆ ಕೌಂಟರ್ ಇದ್ಯಾ ಅಂತಾನೂ ಗಮನಿಸಿ, ಇಲ್ಲದಿದ್ರೆ ನಿಮಗೆ ಆದ ಹಾಗೇ ಆಗತ್ತೆ.

ಪ್ರಶ್ನೆ: ಅಮ್ಮನಿಗೆ 71 ವರ್ಷ. ಮೊದಲ ಸಲ ಒಬ್ಬರೇ ವಿದೇಶಕ್ಕೆ ಬರ್ತಿದಾರೆ, ಆ ದೇಶದ ಭಾಷೆ ಬರಲ್ಲ. ಆಫೀಸರ್ ಏನಾದ್ರೂ ಕೇಳಿದ್ರೆ ಗಾಬರಿ ಆಗ್ತಾರೆ. ಮಾತೇ ಬೇಡ ಅಂತ ಗೇಟ್‌ಗೆ ಹೋಗು ಅಂತ ಹೇಳ್ಲಾ?

ಉತ್ತರ: ದಯವಿಟ್ಟು ಬೇಡ. ಮಾತಾಡೋದು ತಪ್ಪತ್ತೆ ಅನ್ನೋದು ನಿಜ, ಆದ್ರೆ ಗೇಟಲ್ಲಿ ಏನಾದ್ರೂ ಎಡವಟ್ಟಾದ್ರೆ ಸ್ಕ್ರೀನ್ ಮೇಲೆ ಬರೋ ಒಂದು ಸಾಲು ಬಿಟ್ಟು ಅವರಿಗೆ ದಾರಿ ಹೇಳೋರು ಹತ್ತಿರ ಇಲ್ಲದೇ ಇರಬಹುದು, ಮುಂದಿನ ಬಾಗಿಲು ತೆರೆಯಲ್ಲ, ಹಿಂದಿನದು ಮುಚ್ಚಿರತ್ತೆ, ಆ ಅರ್ಧ ನಿಮಿಷ ವಯಸ್ಸಾದವರಿಗೆ ಬಹಳ ಕಷ್ಟ. ಕೌಂಟರಲ್ಲಿ ಎದುರಿಗೆ ಒಬ್ಬ ಮನುಷ್ಯ ಇರ್ತಾನೆ, ಕೈಸನ್ನೆ ಮಾಡಿ ತೋರಿಸ್ತಾನೆ. ಒಂದು ಹಾಳೆಯಲ್ಲಿ ಆ ದೇಶದ ಭಾಷೆಯಲ್ಲೇ ದೊಡ್ಡ ಅಕ್ಷರದಲ್ಲಿ ಬರೆದು ಕೊಡಿ, ಯಾರ ಮನೆಗೆ ಬರ್ತಿದಾರೆ, ವಿಳಾಸ, ನಿಮ್ಮ ಫೋನ್ ನಂಬರ್, ಎಷ್ಟು ದಿನ ಇರ್ತಾರೆ. ಅದರ ಜೊತೆ ವಾಪಸ್ ಟಿಕೆಟ್‌ನ ಪ್ರಿಂಟ್. ಟಿಕೆಟ್ ಮಾಡೋವಾಗಲೇ ವೀಲ್‌ಚೇರ್ ಸಹಾಯ ಕೇಳ್ಕೊಂಡ್ರೆ ಸಿಬ್ಬಂದಿನೇ ಕೌಂಟರ್‌ವರೆಗೆ ಕರ್ಕೊಂಡು ಹೋಗ್ತಾರೆ, ನಡೆಯೋಕೆ ಆಗೋರೂ ಇದನ್ನ ಕೇಳೋಕೆ ನಾಚ್ಕೋಬೇಕಿಲ್ಲ.

ಬೆರಳಚ್ಚು ಕೇಳೋ ದೇಶ ಆದ್ರೆ ಇನ್ನೊಂದು ವಿಷಯ. ಜೀವನ ಪೂರ್ತಿ ಪಾತ್ರೆ ಉಜ್ಜಿ, ಬಟ್ಟೆ ಒಗೆದ ಕೈಯಲ್ಲಿ ಗೆರೆಗಳು ಸವೆದಿರ್ತವೆ, ಮೆಷಿನ್‌ಗೆ ಸುಲಭಕ್ಕೆ ಸಿಗಲ್ಲ. ಒಣಗಿದ ಬೆರಳು ಇನ್ನೂ ಕಷ್ಟ. ಮೊದಲೇ ಸ್ವಲ್ಪ ಕ್ರೀಮ್ ಹಚ್ಕೊಂಡು ಒರೆಸ್ಕೊಂಡಿದ್ರೆ ವಾಸಿ, ಅದಕ್ಕಿಂತ ಮುಖ್ಯ ಎದುರಿಗೆ ತಾಳ್ಮೆಯಿಂದ ಇನ್ನೊಂದು ಬೆರಳು ಇಡಿ ಅನ್ನೋ ಆಫೀಸರ್ ಇರೋದು.

ಪ್ರಶ್ನೆ: ಗೇಟಲ್ಲಿ ಹೋದ್ರೆ ಸ್ಟಾಂಪ್ ಬೀಳಲ್ವಂತೆ. ಇದರಿಂದ ತೊಂದ್ರೆ ಇದ್ಯಾ?

ಉತ್ತರ: ಕೆಲವರಿಗೆ ದೊಡ್ಡ ತೊಂದ್ರೆನೇ ಇದೆ, ಇದನ್ನ ಸ್ವಲ್ಪ ಗಟ್ಟಿಯಾಗೇ ಹೇಳ್ತೀನಿ. ಪ್ರವಾಸಿಗರಿಗೆ ಸಾಮಾನ್ಯವಾಗಿ ಏನೂ ಆಗಲ್ಲ. ಸಿಂಗಾಪುರದಲ್ಲಿ ಸ್ಟಾಂಪ್ ಬದಲು ಎಷ್ಟು ದಿನ ಇರಬಹುದು ಅಂತ ಹೇಳೋ ಪಾಸ್ ಇ-ಮೇಲ್‌ಗೆ ಬರತ್ತೆ, ಯುರೋಪಿನ ಷೆಂಗೆನ್ ದೇಶಗಳಲ್ಲಿ (ತಮ್ಮ ತಮ್ಮ ನಡುವೆ ಗಡಿ ತಪಾಸಣೆ ತೆಗೆದಿರೋ ದೇಶಗಳ ಗುಂಪು) 2025ರ ಅಕ್ಟೋಬರ್ 12ಕ್ಕೆ ಶುರುವಾದ ಹೊಸ ವ್ಯವಸ್ಥೆಯಲ್ಲಿ ಹೊರಗಿನವರ ಮುಖ, ಬೆರಳಚ್ಚು ತಗೊಂಡು ಒಳಗೆ ಬಂದಿದ್ದು, ಹೊರಗೆ ಹೋಗಿದ್ದು ಎರಡನ್ನೂ ಕಂಪ್ಯೂಟರ್ರೇ ಬರ್ಕೊಳತ್ತೆ. 180 ದಿನದಲ್ಲಿ 90 ದಿನಕ್ಕಿಂತ ಹೆಚ್ಚು ಅಲ್ಲಿ ಇರೋ ಹಾಗಿಲ್ಲ ಅನ್ನೋ ಲೆಕ್ಕನೂ ಅದೇ ಹಾಕತ್ತೆ.

ಆದ್ರೆ ಬ್ರಿಟನ್ ಉದಾಹರಣೆ ನೋಡಿ. ಅಲ್ಲಿ 2019ರಿಂದ ಅಮೆರಿಕ, ಕೆನಡಾ, ಆಸ್ಟ್ರೇಲಿಯಾ, ಜಪಾನ್ ಥರದ ದೇಶದವರಿಗೂ ಗೇಟ್ ತೆರೆದಿದೆ. ಅಂಥ ಒಂದು ದೇಶದ ಸಂಗೀತಗಾರನೊಬ್ಬ ವೀಸಾ ಇಲ್ಲದೆ, ಕರೆಸಿದವರು ಕೊಟ್ಟ ಪ್ರಾಯೋಜಕತ್ವದ ಸರ್ಟಿಫಿಕೇಟ್ ಮೇಲೆ ಮೂರು ತಿಂಗಳೊಳಗಿನ ಕೆಲಸಕ್ಕೆ ಬಂದ ಅಂದ್ಕೊಳ್ಳಿ, ಅವನು ಆಫೀಸರ್‌ನ ನೋಡ್ಲೇಬೇಕು ಅಂತ ರೂಲ್ ಇದೆ. ಗೇಟಲ್ಲಿ ಬಂದುಬಿಟ್ರೆ ಬರೀ ವಿಸಿಟರ್ ಆಗಿ ಬಂದ ಹಾಗಾಗತ್ತೆ, ಆ ಕೆಲಸ ಮಾಡೋ ಹಾಗಿಲ್ಲ. ಬಾಗಿಲು ತೆರೀತು ಅಂದ ಮಾತ್ರಕ್ಕೆ ನೀವು ಬಂದ ಉದ್ದೇಶಕ್ಕೆ ಅನುಮತಿ ಸಿಕ್ತು ಅಂತಲ್ಲ, ಗೇಟ್‌ಗೆ ನೀವು ಯಾಕೆ ಬಂದ್ರಿ ಅಂತ ಗೊತ್ತೇ ಇರಲ್ಲ. ಓದೋಕೆ, ಕೆಲಸಕ್ಕೆ, ಮನೆಯವರ ಜೊತೆ ಇರೋಕೆ ಹೊಸದಾಗಿ ಹೋಗ್ತಿರೋರು ವೀಸಾ ಪತ್ರದಲ್ಲಿ ಏನು ಬರೆದಿದೆ ಅಂತ ಓದಿ, ಅನುಮಾನ ಇದ್ರೆ ಕೌಂಟರ್‌ಗೇ ಹೋಗಿ. ಹೊರಗೆ ಬಂದ ಮೇಲೆ ಸರಿಮಾಡ್ಸೋದು ಬಹಳ ತಲೆನೋವು. ಬೋರ್ಡಿಂಗ್ ಪಾಸ್‌ನೂ ಎಸೀಬೇಡಿ, ಯಾವ ದಿನ ಬಂದ್ರಿ ಅನ್ನೋಕೆ ಅದೊಂದಾದ್ರೂ ಕೈಲಿರಲಿ.

ಪ್ರಶ್ನೆ: ಎಲ್ರೂ ಗೇಟ್‌ಗೇ ಹೋದ್ರೆ ಕೌಂಟರಲ್ಲಿ ಕೂತವರು ಬೇಡ ಆಗ್ತಾರೆ ಅಲ್ವಾ? ಅದಕ್ಕೇ ನಾನು ಹಟ ಮಾಡಿ ಕೌಂಟರ್‌ಗೇ ಹೋಗ್ತೀನಿ.

ಉತ್ತರ: ನಿಮ್ಮ ಕಾಳಜಿ ನನಗೆ ಇಷ್ಟ ಆಯ್ತು, ಆದ್ರೆ ನೀವು ಕೌಂಟರ್ ಸಾಲಲ್ಲಿ ನಿಂತ್ರೆ ನಿಮ್ಮ ಹಿಂದೆ ಮಗು ಎತ್ಕೊಂಡು ನಿಂತ ತಾಯಿಗೆ ಅಷ್ಟು ತಡ ಆಗತ್ತೆ, ಅವರಿಗೆ ಬೇರೆ ದಾರಿ ಇಲ್ಲ, ನಿಮಗಿದೆ. ಗೇಟ್‌ಗಳ ಹಿಂದೆನೂ ಆಫೀಸರ್ ಕೂತಿರ್ತಾರೆ, ಒಬ್ಬರೇ ಹಲವು ಗೇಟ್‌ನ ಸ್ಕ್ರೀನ್ ನೋಡ್ತಿರ್ತಾರೆ. ಕೌಂಟರ್ ಬೇಕು ಅನ್ನೋಕೆ ನನ್ನ ಕಾರಣ ಬೇರೆ. ಯಾರದೋ ಬಲವಂತಕ್ಕೆ ಹೊರಟಿರೋ ಹುಡುಗಿ, ಜೊತೆಗಿರೋರು ಯಾರು ಅಂತ ಹೇಳೋಕೆ ತಡವರಿಸೋ ಮಗು, ಇವರ ಮುಖ ಫೋಟೋಗೆ ಹೊಂದಿದ್ರೆ ಮೆಷಿನ್‌ಗೆ ಅಷ್ಟು ಸಾಕು, ಆದ್ರೆ ಅನುಭವ ಇರೋ ಆಫೀಸರ್ ಎರಡು ಪ್ರಶ್ನೆ ಕೇಳಿ ಕಣ್ಣು ನೋಡಿದ್ರೆ ಗೊತ್ತಾಗತ್ತೆ. 2024ರ ಮೇ 7ರ ರಾತ್ರಿ ಬ್ರಿಟನ್ ವಿಮಾನ ನಿಲ್ದಾಣಗಳಲ್ಲಿ ಇ-ಗೇಟ್‌ಗಳೆಲ್ಲ ಕೈಕೊಟ್ಟಾಗ ಜನ ಗಂಟೆಗಟ್ಟಲೆ ನಿಂತ್ರು, ಆಗ ಪಾಸ್‌ಪೋರ್ಟ್ ನೋಡಿ ಕಳಿಸಿದ್ದು ಆಫೀಸರ್‌ಗಳೇ. ಕೌಂಟರ್ ಕಡಿಮೆ ಮಾಡೋರು ಇದನ್ನ ಮರೀಬಾರದು ಅಂತ ನನ್ನ ಬಲವಾದ ಅಭಿಪ್ರಾಯ.

ಪ್ರಶ್ನೆ: ಎರಡು ವರ್ಷದ ಮಗುನ ಎತ್ಕೊಂಡು ಗೇಟ್ ದಾಟಬಹುದಾ?

ಉತ್ತರ: ಇಲ್ಲ. ಸಾಮಾನ್ಯವಾಗಿ ಗೇಟ್ ಒಳಗೆ ಒಂದು ಸಲಕ್ಕೆ ಒಬ್ಬರೇ, ಇನ್ನೊಂದು ಮುಖ ಕಂಡ್ರೆ ಅದು ತೆರೆಯದೇ ಇರಬಹುದು. ಚಿಕ್ಕ ಮಕ್ಕಳಿಗೆ ವಯಸ್ಸಿನ ಮಿತಿನೂ ಇರತ್ತೆ, ದೇಶದಿಂದ ದೇಶಕ್ಕೆ ಬೇರೆ, ಬ್ರಿಟನ್ 2023ರಲ್ಲಿ 12ರಿಂದ 10ಕ್ಕೆ ಇಳಿಸಿತು. ಮಗು ಜೊತೆ ಗಂಡ ಹೆಂಡ್ತಿ ಇಬ್ರೂ ಕೌಂಟರ್‌ಗೇ ಹೋಗಿ, ಒಬ್ರು ಗೇಟಲ್ಲಿ ಮುಂದೆ ಹೋಗಿಬಿಟ್ರೆ ಆಫೀಸರ್ ಮಗುವಿನ ಬಗ್ಗೆ ಏನಾದ್ರೂ ಕೇಳಿದಾಗ ಪಕ್ಕದಲ್ಲಿ ಅವರಿರಲ್ಲ, ವಾಪಸ್ ಬರೋಕೂ ಆಗಲ್ಲ.