ನೀವು ಕೇಳಿದ್ದು ಇದು: ಬಾಡಿಗೆ ಮನೆ, ದಿನಕ್ಕೆ 40 ಕಿ.ಮೀ. ಓಡಾಟ. ಎಲೆಕ್ಟ್ರಿಕ್ ಕಾರಿಗೆ ಜಾಸ್ತಿ ಕೊಟ್ಟ ದುಡ್ಡು ಎಷ್ಟು ವರ್ಷದಲ್ಲಿ ವಾಪಸ್ ಬರುತ್ತದೆ?

ಇದೇ ಪ್ರಶ್ನೆಯನ್ನು 2022ರಲ್ಲಿ ನಾನು ಎಕ್ಸೆಲ್ ಶೀಟಿಗೆ ಕೇಳಿದ್ದೆ. ನಾಲ್ಕೂಮುಕ್ಕಾಲು ವರ್ಷ ಎಂದಿತು. ಲೆಕ್ಕದಲ್ಲಿ ತಪ್ಪಿರಲಿಲ್ಲ. ಆದರೆ ಕಾರು ರಾತ್ರಿ ಎಲ್ಲಿ ನಿಲ್ಲುತ್ತದೆ ಎಂದು ಅದು ಕೇಳಲಿಲ್ಲ, ನಾನೂ ಹೇಳಲಿಲ್ಲ.

ನಮ್ಮದು ಕನಕಪುರ ರಸ್ತೆಯಲ್ಲಿ ತಲಘಟ್ಟಪುರದ ಕಡೆ ಅಪಾರ್ಟ್‌ಮೆಂಟು. ಆಫೀಸು ಬೆಳ್ಳಂದೂರು. ಹೋಗಿ ಬರುವುದಕ್ಕೆ 45 ಕಿಲೋಮೀಟರ್, ಅದೂ ಇದೂ ಸೇರಿ ತಿಂಗಳಿಗೆ 1,300. ಹಳೇ ಪೆಟ್ರೋಲ್ ಕಾರು ಸಿಲ್ಕ್ ಬೋರ್ಡ್ ಟ್ರಾಫಿಕ್ಕಿನಲ್ಲಿ 13ರ ಮೇಲೆ ಮೈಲೇಜ್ ಕೊಡುತ್ತಿರಲಿಲ್ಲ. ಅಂದರೆ 100 ಲೀಟರ್. ಆಗ ಬೆಂಗಳೂರಲ್ಲಿ ಲೀಟರಿಗೆ 102 ರೂಪಾಯಿ. ತಿಂಗಳಿಗೆ 10,200 ರೂಪಾಯಿ ಹೊಗೆ.

ಹೊಸ ಪೆಟ್ರೋಲ್ ಕಾರು ಆನ್‌ರೋಡ್ 12 ಲಕ್ಷ. ನಾನು ನೋಡಿದ್ದ ಎಲೆಕ್ಟ್ರಿಕ್ ಕಾರು, ಟಾಟಾ ನೆಕ್ಸಾನ್ ಇವಿ, 17 ಲಕ್ಷ. ವ್ಯತ್ಯಾಸ 5 ಲಕ್ಷ. ಕರ್ನಾಟಕದಲ್ಲಿ ಆಗ ಎಲೆಕ್ಟ್ರಿಕ್ ಕಾರಿಗೆ ರೋಡ್ ಟ್ಯಾಕ್ಸ್ ಇರಲಿಲ್ಲ, ಜಿಎಸ್‌ಟಿ 5%. ಅದಕ್ಕೇ ವ್ಯತ್ಯಾಸ ಅಷ್ಟಕ್ಕೆ ನಿಂತಿತ್ತು. ಮನೆಯಲ್ಲಿ ಚಾರ್ಜ್ ಮಾಡಿದರೆ ಒಂದು ಯೂನಿಟ್ಟಿಗೆ 6 ಕಿಲೋಮೀಟರ್, ತಿಂಗಳಿಗೆ ಸುಮಾರು 216 ಯೂನಿಟ್, 1,500 ರೂಪಾಯಿ. ಉಳಿಯುವುದು 8,700. ಐದು ಲಕ್ಷವನ್ನು 8,700ರಿಂದ ಭಾಗಿಸಿ, ನನ್ನ ನಾಲ್ಕೂಮುಕ್ಕಾಲು ವರ್ಷ ಸಿಗುತ್ತದೆ. ಬುಕ್ ಮಾಡಿಬಿಟ್ಟೆ.

ಈಗ ತಪ್ಪಿನ ವಿಷಯ. ಸ್ವಲ್ಪ ಉದ್ದ ಆಗುತ್ತದೆ, ಸಹಿಸಿಕೊಳ್ಳಿ. ಇದೊಂದನ್ನು ಓದಿ ಉಳಿದದ್ದನ್ನು ಬಿಟ್ಟರೂ ನನಗೆ ಬೇಜಾರಿಲ್ಲ.

ನನ್ನ ಪಾರ್ಕಿಂಗ್ ಜಾಗ ಎರಡನೇ ಬೇಸ್‌ಮೆಂಟಿನಲ್ಲಿ. ಪಕ್ಕದ ಕಂಬದ ಮೇಲೆ ಒಂದು ಪ್ಲಗ್ ಪಾಯಿಂಟ್ ಇತ್ತು. ವರ್ಷಗಟ್ಟಲೆ ನೋಡಿದ್ದೆ. ಬುಕಿಂಗಿಗೆ ಮೊದಲು ಅದರ ಫೋಟೋ ತೆಗೆದು ಹೆಂಡತಿಗೆ ತೋರಿಸಿ, 'ನೋಡು, ಚಾರ್ಜಿಂಗ್ ಪಾಯಿಂಟ್ ರೆಡಿ ಇದೆ' ಎಂದಿದ್ದೆ. ಅವಳು 'ಅದು ಯಾರ ಮೀಟರಿಂದ ಬರುತ್ತೆ?' ಎಂದು ಕೇಳಿದಳು. ನಾನು 'ನಮ್ಮ ಪಾರ್ಕಿಂಗ್ ಅಲ್ವಾ' ಎಂದೆ. ಇಂಜಿನಿಯರ್ ನಾನು. ಅವಳು ಓದಿದ್ದು ಕನ್ನಡ ಎಂ.ಎ.

ಆ ಪ್ಲಗ್ ಕಾಮನ್ ಏರಿಯಾ ಮೀಟರಿನದು. ಅದೂ 5 ಆಂಪ್ಸ್‌ನ ಚಿಕ್ಕ ಪ್ಲಗ್, ಗುಡಿಸುವವರ ಮೆಷಿನ್ನಿಗೆ ಇಟ್ಟಿದ್ದು. ಕಾರಿಗೆ ಬೇಕಾದ್ದು ಗೀಜರ್, ಎಸಿಗೆ ಹಾಕುತ್ತೇವಲ್ಲ, ಆ ದೊಡ್ಡ ಪ್ಲಗ್. ಗೀಜರಾದರೂ ಅರ್ಧ ಗಂಟೆಗೆ ಆಫ್ ಆಗುತ್ತದೆ. ಕಾರು ಅಷ್ಟೇ ಕರೆಂಟನ್ನು ಎಂಟು-ಒಂಬತ್ತು ಗಂಟೆ ಬಿಡದೆ ಎಳೆಯುತ್ತದೆ. ತೆಳ್ಳಗಿನ ವೈರಿಗೆ ಅದು ಆಗುವ ಕೆಲಸ ಅಲ್ಲ. ಕಾರು ಬಂದ ರಾತ್ರಿ ನಾನು ಅಡಾಪ್ಟರ್ ಸಿಕ್ಕಿಸಿ ಹಾಕಿಯೇಬಿಟ್ಟೆ. ಹತ್ತು ನಿಮಿಷಕ್ಕೆ ಎಂಸಿಬಿ (ಲೋಡ್ ಜಾಸ್ತಿಯಾದರೆ ಕರೆಂಟ್ ಕಡಿಯುವ ಸ್ವಿಚ್) ಟ್ರಿಪ್ ಆಗಿ ಇಡೀ ಬೇಸ್‌ಮೆಂಟಿನ ಲೈಟು ಹೋಯಿತು. ಬೆಳಗ್ಗೆ ಅಪಾರ್ಟ್‌ಮೆಂಟಿನ ವಾಟ್ಸಾಪ್ ಗ್ರೂಪಲ್ಲಿ ಲಿಂಬೆಹಣ್ಣು, ಹೂವಿನ ಹಾರ ಸಮೇತ ನನ್ನ ಕಾರಿನ ಫೋಟೋ. ಅದರ ಕೆಳಗೆ ಮೂವತ್ತೆರಡು ಮೆಸೇಜು.

ನನ್ನ ಮೀಟರಿಂದಲೇ ವೈರ್ ಎಳೆದುಕೊಳ್ಳುತ್ತೇನೆ ಎಂದೆ. ಅಸೋಸಿಯೇಷನ್ ಒಪ್ಪಲಿಲ್ಲ. ಆ ವರ್ಷವೇ ಎಲೆಕ್ಟ್ರಿಕ್ ಸ್ಕೂಟರ್‌ಗಳಿಗೆ ಬೆಂಕಿ ಬಿದ್ದ ವಿಡಿಯೋಗಳು ಎಲ್ಲರ ಫೋನಲ್ಲೂ ಓಡಾಡಿದ್ದವು. 'ಬೆಂಕಿ ಹತ್ತಿಕೊಂಡರೆ ಯಾರಪ್ಪಾ ಜವಾಬ್ದಾರಿ?' ಎಂದರು ಮೂರನೇ ಮಹಡಿಯ ಅಂಕಲ್. ಇನ್ನೊಬ್ಬರು, 'ಇವತ್ತು ನೀವು, ನಾಳೆ ನಲವತ್ತು ಜನ ಕೇಳಿದರೆ ಟ್ರಾನ್ಸ್‌ಫಾರ್ಮರ್ ತಡೆಯುತ್ತಾ?' ಎಂದರು. ಆಗ ಸಿಟ್ಟು ಬಂದಿತ್ತು. ಈಗ ನೋಡಿದರೆ ಅದು ಸರಿಯಾದ ಪ್ರಶ್ನೆಯೇ. ಜನರಲ್ ಬಾಡಿ ಮೀಟಿಂಗ್ ಆಗಲಿ ಎಂದು ಮುಂದೂಡಿದರು. ಹಾಗೆ ಮುಂದೂಡಿದ್ದು ಹನ್ನೊಂದು ತಿಂಗಳು.

ಆ ಹನ್ನೊಂದು ತಿಂಗಳು ನಾನು ಬದುಕಿದ್ದು ಹೊರಗಿನ ಫಾಸ್ಟ್ ಚಾರ್ಜರ್ ಮೇಲೆ. ಜಿಎಸ್‌ಟಿ ಸೇರಿ ಯೂನಿಟ್ಟಿಗೆ 22 ರೂಪಾಯಿ ಆಸುಪಾಸು. ಮನೆ ಕರೆಂಟಿನ ಮೂರು ಪಟ್ಟು. ತಿಂಗಳಿಗೆ 4,400 ಆಯಿತು. ಪೆಟ್ರೋಲಿಗಿಂತ ಕಮ್ಮಿಯೇ, ಇಲ್ಲ ಎನ್ನುವುದಿಲ್ಲ. ಆದರೆ ಸಮಯದ ಲೆಕ್ಕ ಹಾಕಿ. 30.2 ಕಿಲೋವ್ಯಾಟ್ ಅವರ್ (ಅಂದರೆ ಯೂನಿಟ್) ಬ್ಯಾಟರಿ. ಪರೀಕ್ಷೆಯ ರೇಂಜ್ 312 ಕಿಲೋಮೀಟರ್, ಎಸಿ ಹಾಕಿಕೊಂಡು ಊರೊಳಗೆ ನನಗೆ ಸಿಗುವುದು 200. ಫಾಸ್ಟ್ ಚಾರ್ಜರಿನಲ್ಲಿ 80% ದಾಟಿದ ಮೇಲೆ ಆಮೆ ನಡಿಗೆ, ಹಾಗಾಗಿ ಯಾರೂ ಅಲ್ಲಿ ಪೂರ್ತಿ ತುಂಬಿಸುವುದಿಲ್ಲ. 10ರಿಂದ 80% ಅಂದರೆ 140 ಕಿಲೋಮೀಟರ್, ಮೂರು ದಿನದ ಓಡಾಟ. ಒಂದು ಸಲಕ್ಕೆ ಒಂದು ಗಂಟೆ, ಮುಂದೆ ಕ್ಯಾಬ್ ನಿಂತಿದ್ದರೆ ಎರಡು. ಹನ್ನೊಂದು ತಿಂಗಳಲ್ಲಿ ನೂರು ಸಲ ಹೋಗಿದ್ದೇನೆ. ಬೆಳಗ್ಗೆ ಐದೂವರೆಗೆ ಎದ್ದು ಫ್ಲಾಸ್ಕಿನಲ್ಲಿ ಕಾಫಿ ಹಿಡಿದುಕೊಂಡು, ಸೀಟು ಹಿಂದಕ್ಕೆ ಮಾಡಿ, ಕಾರಿಗೆ ಚಾರ್ಜರಿನ ಗನ್ ಸಿಕ್ಕಿಸಿಕೊಂಡು ಮಲಗುತ್ತಿದ್ದೆ. ಮಗಳು ಅದಕ್ಕೆ 'ಅಪ್ಪನ ಡಯಾಲಿಸಿಸ್' ಎಂದು ಹೆಸರಿಟ್ಟಿದ್ದಳು.

ಬುಕಿಂಗ್ ದುಡ್ಡು ಕೊಡುವ ಮೊದಲು ಒಬ್ಬ ಎಲೆಕ್ಟ್ರಿಷಿಯನ್ನನ್ನು ಕರೆದು 500 ರೂಪಾಯಿ ಕೊಟ್ಟಿದ್ದರೆ ಹತ್ತು ನಿಮಿಷದಲ್ಲಿ ಎಲ್ಲ ಹೇಳುತ್ತಿದ್ದ. ಮೀಟರ್ ಬೋರ್ಡಿನಿಂದ ಪಾರ್ಕಿಂಗ್‌ವರೆಗೆ ಎಷ್ಟು ಮೀಟರ್ ಕೇಬಲ್, ಸ್ಯಾಂಕ್ಷನ್ಡ್ ಲೋಡ್ (ಮನೆಗೆ ಮಂಜೂರಾದ ಕರೆಂಟಿನ ಮಿತಿ) ಎಷ್ಟಿದೆ, ಅರ್ತಿಂಗ್ ಸರಿ ಇದೆಯಾ, ಅಸೋಸಿಯೇಷನ್ ಬರೆದುಕೊಡುತ್ತದಾ. ನಾಲ್ಕೇ ಪ್ರಶ್ನೆ. ಶೋರೂಮಿನವರು 'ಚಾರ್ಜರ್ ಫ್ರೀ ಸರ್, ನಮ್ಮ ಹುಡುಗ ಬಂದು ಹಾಕಿಕೊಡುತ್ತಾನೆ' ಎಂದಿದ್ದರು. ಹುಡುಗ ಬಂದ. ನೋಡಿದ. ಮೀಟರಿಗೂ ಕಾರಿಗೂ 70 ಮೀಟರ್ ಅಂತರ. 'ಇಷ್ಟು ಕೇಬಲ್ ನಮ್ಮಲ್ಲಿ ಬರಲ್ಲ ಸರ್' ಎಂದು ಹೋದ.

ಕೊನೆಗೆ 2023ರ ಸೆಪ್ಟೆಂಬರಿನಲ್ಲಿ ಅನುಮತಿ ಸಿಕ್ಕಿತು. ಕೇಬಲ್, ಲೋಡ್ ಏರಿಸಿದ್ದು, ಎಂಸಿಬಿ, ಕೂಲಿ ಎಲ್ಲ ಸೇರಿ 48,000. ಕಥೆ ಇಲ್ಲಿಗಾದರೂ ಮುಗಿಯಬೇಕಿತ್ತು ಅಲ್ವಾ? ಆಗಷ್ಟೇ ಗೃಹಜ್ಯೋತಿ ಶುರುವಾಗಿತ್ತು. ಮನೆಗೆ ಮೊದಲ ಸಲ ಸೊನ್ನೆ ಬಿಲ್ ಬಂದ ಖುಷಿ ಇನ್ನೂ ಆರಿರಲಿಲ್ಲ. ನಮ್ಮದು 130 ಯೂನಿಟ್ ಮನೆ. ಕಾರಿನ 216 ಸೇರಿದ ಕೂಡಲೇ 346. ಆ ಯೋಜನೆಯಲ್ಲಿ 200 ಯೂನಿಟ್ ದಾಟಿದರೆ ದಾಟಿದಷ್ಟಕ್ಕೆ ಮಾತ್ರ ಅಲ್ಲ, ಪೂರ್ತಿ ಬಿಲ್ ಕಟ್ಟಬೇಕು. ಅಂದರೆ ಕಾರಿನ ಖರ್ಚಿಗೆ ಫ್ರಿಜ್ಜು, ಮಿಕ್ಸಿ, ಟಿವಿ ಖರ್ಚೂ ಬಂದು ಸೇರಿತು. ಹೆಂಡತಿ ಬಿಲ್ ತಂದು ಸ್ಟೀರಿಂಗಿಗೆ ಅಂಟಿಸಿದ್ದಳು. ಆಮೇಲೆ ಕಾರಿಗೆಂದೇ ಬೇರೆ ಮೀಟರ್ ಹಾಕಿಸಿದೆ. ಆಗ ಅದರ ದರ ಯೂನಿಟ್ಟಿಗೆ 4.50 ರೂಪಾಯಿ ಇತ್ತು, ಮೇಲೆ ಫಿಕ್ಸೆಡ್ ಚಾರ್ಜು. ಈಗ ಕಿಲೋಮೀಟರಿಗೆ 1 ರೂಪಾಯಿ ಚಿಲ್ಲರೆ ಬೀಳುತ್ತದೆ. ಇದನ್ನು ಮೊದಲೇ ಮಾಡಬಹುದಿತ್ತು ಎಂದು ಬೇರೆ ಹೇಳಬೇಕಾಗಿಲ್ಲ.

ಊರಿನ ಪ್ರಯಾಣ? ನಮ್ಮೂರು ಸಾಗರದ ಹತ್ತಿರ, 365 ಕಿಲೋಮೀಟರ್. ಮಧ್ಯೆ ಎರಡು ಸಲ ನಿಲ್ಲಿಸುತ್ತೇನೆ. ಇಡ್ಲಿ-ವಡೆಗೆ ಒಮ್ಮೆ, ಊಟಕ್ಕೊಮ್ಮೆ. ಒಂದು ಚಾರ್ಜರ್ ಕೆಟ್ಟಿದ್ದರೆ ಮುಂದಿನದಕ್ಕೆ ಹೋಗುವಷ್ಟು ಇಟ್ಟುಕೊಂಡೇ ಹೊರಡಬೇಕು, ಅಷ್ಟೇ. ತಮಾಷೆ ಇದ್ದದ್ದು ಊರಲ್ಲಿ. ಮೊದಲ ದೀಪಾವಳಿಗೆ ಹೋದಾಗ ಚಾರ್ಜರಿನಲ್ಲಿ ಕೆಂಪು ದೀಪ. ಅರ್ತಿಂಗ್ ಸರಿ ಇಲ್ಲದ ಮನೆಯಲ್ಲಿ ಅದು ಕರೆಂಟ್ ತೆಗೆದುಕೊಳ್ಳುವುದೇ ಇಲ್ಲ. ಅಪ್ಪಯ್ಯ ಹಿತ್ತಲಿನ ಅರ್ತ್ ಗುಂಡಿಗೆ ಎರಡು ಕೊಡಪಾನ ನೀರು, ಒಂದು ಮುಷ್ಟಿ ಉಪ್ಪು ಹಾಕಿದರು. ದೀಪ ಹಸಿರಾಯಿತು. 'ಇದಕ್ಕೂ ಬಾಯಾರಿಕೆ ಆಗ್ತದೆ ನೋಡು' ಎಂದರು.

ಇಷ್ಟು ಹೇಳಿ ನಿಮ್ಮ ಪ್ರಶ್ನೆಗೆ ಬರುತ್ತೇನೆ. ಅದು ತಪ್ಪು ಪ್ರಶ್ನೆ. ದುಡ್ಡು ವಾಪಸ್ ಬರುವುದು ವರ್ಷದಲ್ಲಿ ಅಲ್ಲ, ಕಿಲೋಮೀಟರಿನಲ್ಲಿ. ಕಿಲೋಮೀಟರಿಗೆ ಆರೂವರೆ ರೂಪಾಯಿ ಉಳಿದರೂ 5 ಲಕ್ಷಕ್ಕೆ 77,000 ಕಿಲೋಮೀಟರ್ ಓಡಿಸಬೇಕು. ನಿಮ್ಮದು ತಿಂಗಳಿಗೆ ಸಾವಿರ ಇರಬಹುದು, ಅಂದರೆ ಆರು ವರ್ಷ ದಾಟುತ್ತದೆ. ಹೊರಗಿನ ಚಾರ್ಜರಿನಲ್ಲೇ ತುಂಬಿಸಿದರೆ ಒಂಬತ್ತು ವರ್ಷ ದಾಟುತ್ತದೆ. ಬಾಡಿಗೆ ಮನೆಯಲ್ಲಿ ಒಂದೇ ಕಡೆ ಆರು ವರ್ಷ ಇರುತ್ತೀರಾ? ಮನೆ ಬದಲಾಯಿಸುವಾಗ ಸುತ್ತಿಕೊಂಡು ಹೋಗಲು ಆ ಕೇಬಲ್ ಏನು ಚಾಪೆಯಾ? ಈಗಂತೂ 2025ರ ಸೆಪ್ಟೆಂಬರಿನಿಂದ ಚಿಕ್ಕ ಪೆಟ್ರೋಲ್ ಕಾರಿನ ಜಿಎಸ್‌ಟಿ 18%ಕ್ಕೆ ಇಳಿದಿದೆ. ನನಗಿದ್ದ ಅನುಕೂಲ ನಿಮಗೆ ಅಷ್ಟಿಲ್ಲ. 2023ರ ಮಾರ್ಚ್‌ವರೆಗೆ ಮಂಜೂರಾದ ಎಲೆಕ್ಟ್ರಿಕ್ ಕಾರಿನ ಸಾಲದ ಬಡ್ಡಿಗೆ ಆದಾಯ ತೆರಿಗೆಯ 80ಇಇಬಿ ಸೆಕ್ಷನ್ ಅಡಿ ತೆರಿಗೆ ವಿನಾಯಿತಿ ಇತ್ತು, ಹೊಸ ಸಾಲಕ್ಕೆ ಅದೂ ಇಲ್ಲ.

ಹಾಗಂತ ನಾನು ಪೆಟ್ರೋಲ್ ಪಾರ್ಟಿ ಅಲ್ಲ. ನನ್ನ ಕಾರು 51,000 ಓಡಿದೆ. ಇಂಜಿನ್ ಆಯಿಲ್ ಇಲ್ಲ, ಕ್ಲಚ್ ಇಲ್ಲ, ಬ್ರೇಕ್ ಪ್ಯಾಡ್ ಇನ್ನೂ ಮೊದಲಿನದೇ. ಸಿಲ್ಕ್ ಬೋರ್ಡಿನಲ್ಲಿ ಎಡಗಾಲಿಗೆ ಕೆಲಸವೇ ಇಲ್ಲ. ಇನ್ನೊಂದು ಪೆಟ್ರೋಲ್ ಕಾರು ನಾನು ಕೊಳ್ಳುವುದಿಲ್ಲ. ಆದರೆ ದುಡ್ಡು ಉಳಿಸಲೆಂದೇ ಎಲೆಕ್ಟ್ರಿಕ್ ಕೊಳ್ಳುತ್ತೇನೆ ಎನ್ನುವವರಿಗೆ ನನ್ನ ಉತ್ತರ ಒಂದೇ: ಪಾರ್ಕಿಂಗಿಗೆ ವೈರ್ ಎಳೆಯಲು ಮನೆ ಓನರ್ ಒಪ್ಪದಿದ್ದರೆ ನಾಲ್ಕು ಲಕ್ಷಕ್ಕೆ ಒಳ್ಳೆಯ ಸೆಕೆಂಡ್ ಹ್ಯಾಂಡ್ ಪೆಟ್ರೋಲ್ ಕಾರು ತಗೊಂಡು ಆರಾಮಾಗಿರಿ. ನನ್ನ ಶೀಟಿನಲ್ಲಿ ಇವತ್ತಿಗೂ 2 ಲಕ್ಷ ಬಾಕಿ ತೋರಿಸುತ್ತಿದೆ.

ಓನರ್ ಹೂಂ ಅಂದರೆ ಬಾಯಿಮಾತು ಸಾಲದು, ಬಾಡಿಗೆ ಕರಾರಿನಲ್ಲೇ ಬರೆಸಿಕೊಳ್ಳಿ. ಮತ್ತೆ ಆ ಪಾರ್ಕಿಂಗಿನಲ್ಲಿ ಈಗಾಗಲೇ ಪ್ಲಗ್ ಇದೆ ಅಂತೇನಾದರೂ ಹೇಳಿದರೆ, ಯಾರ ಮೀಟರಿಂದ ಬರುತ್ತದೆ ಎಂದು ಕೇಳಿ.